ಗಂಡಿನ ಕಡೆಯ ಅಜ್ಜಿ

ನಾನು ಫೋನಿನಲ್ಲಿ ಟೈಪ್ ಮಾಡಲು ಕಲಿತದ್ದು ಹೊಟ್ಟೆಕಿಚ್ಚಿನಿಂದ.

ನನ್ನ ಮೊಮ್ಮಗಳು ಬೆಳೆದದ್ದು ದಾವಣಗೆರೆಯ ಸರಸ್ವತಿ ನಗರದ ನಮ್ಮ ಮನೆಯಲ್ಲಿ. ಎಣ್ಣೆ ಹಚ್ಚಿ ಎರೆದವಳು ನಾನು, ಕೈಹಿಡಿದು ಶಾಲೆಗೆ ಬಿಟ್ಟವಳು ನಾನು. ಕಾಲೇಜು ಸೇರಿದ ಮೇಲೆ ಆ ಹುಡುಗಿ ಭಾನುವಾರ ಬಂತೆಂದರೆ ಹರಿಹರದ ಬಸ್ಸು ಹತ್ತತೊಡಗಿದಳು. ಅಲ್ಲಿರುವುದು ಅವಳ ತಾಯಿಯ ತಾಯಿ, ಅಂದರೆ ನನ್ನ ಬೀಗತಿ. ಹೋಳಿಗೆ ತಿನ್ನಲು ಹೋಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಅವಳು ಹೋಗುತ್ತಿದ್ದದ್ದು ಕೆಲಸದ ಮಾತಿಗೆ.

ಕೆಲಸ ಏನೆಂದರೆ, ಅವಳ ಗೆಳತಿಯ ಮನೆ ಮಂಡಕ್ಕಿ ಭಟ್ಟಿಗಳ ಬೀದಿಯಲ್ಲಿದೆ. ತಂದೆ ಭಟ್ಟಿಯಲ್ಲಿ ಮಂಡಕ್ಕಿ ಹುರಿಯುತ್ತಾರೆ. ಮನೆಗೆ ತಗಡಿನ ಶೀಟು. ವರ್ಷ ವರ್ಷಕ್ಕೆ ಬಿಸಿಲು ಏರಿ, ಮಧ್ಯಾಹ್ನ ಒಳಗೆ ಇರಲಾಗದೆ ಆ ಗೆಳತಿಯ ದಾದಿಯನ್ನು, ಅಂದರೆ ತಂದೆಯ ತಾಯಿಯನ್ನು, ರಸ್ತೆ ಬದಿಯ ಬೇವಿನ ಮರದಡಿ ಮಂಚ ಹಾಕಿ ಮಲಗಿಸುತ್ತಾರೆ. ಬಿಸಿಲು ಹೀರದ ಬಿಳಿ ಬಣ್ಣವೊಂದು ಬಂದಿದೆಯಂತೆ, ಶೀಟಿಗೆ ಬಳಿದರೆ ಒಳಗೆ ತಂಪಂತೆ. ಬೇಸಿಗೆ ಬರುವಷ್ಟರಲ್ಲಿ ಇಡೀ ಬೀದಿಗೆ ಬಳಿಯಬೇಕೆಂದು ಹುಡುಗಿಯರ ಹಟ.

ಇಂಥ ಕೆಲಸಕ್ಕೆಂದೇ ಬೆಂಗಳೂರಿನ ಸಂಸ್ಥೆಯೊಂದು ಓದುವ ಮಕ್ಕಳಿಗೆ ಹಣ ಕೊಡುತ್ತದೆ. ಆದರೆ ಅವರ ಕೈಗೆ ಕೊಡುವುದಿಲ್ಲ. ರಿಜಿಸ್ಟರ್ ಆದ, ಲೆಕ್ಕ ಆಡಿಟ್ ಆದ ಯಾವುದಾದರೂ ಸಂಘದ ಖಾತೆಗೆ ಹಾಕುತ್ತದೆ. ಹುಡುಗಿಯರು ಕಂಡಕಂಡವರನ್ನೆಲ್ಲ ಕೇಳಿದರು. ಎಲ್ಲರೂ ಬೆನ್ನು ತಟ್ಟಿದರು, ಖಾತೆ ಯಾರೂ ಕೊಡಲಿಲ್ಲ.

ನನ್ನದೂ ಒಂದು ಭಜನಾ ಮಂಡಳಿ ಇದೆ. ದೊಡ್ಡ ಬೋರ್ಡು, ಹಾರ್ಮೋನಿಯಂ, ಎರಡು ಜೊತೆ ತಾಳ. ರಿಜಿಸ್ಟ್ರೇಷನ್ ಒಂದಿಲ್ಲ. ಬೀಗತಿಯದು ಹಪ್ಪಳ ಸಂಡಿಗೆ ಮಾಡುವ ಹೆಂಗಸರ ಸಂಘ. ಬೋರ್ಡೇ ಇಲ್ಲ, ಉಳಿದದ್ದೆಲ್ಲ ಇದೆ. ಅವರು ಒಂದೇ ಮಾತಿಗೆ ಒಪ್ಪಿಕೊಂಡರಂತೆ. ಅಂದಿನಿಂದ ನಮ್ಮ ಮನೆಯಲ್ಲಿ ಊಟಕ್ಕೆ ಕೂತರೂ ಹರಿಹರದ ಅಜ್ಜಿಯದೇ ಸುದ್ದಿ. ನನ್ನ ರೊಟ್ಟಿ ಮುರಿಯುತ್ತ ಅವರ ಶೇಂಗಾ ಚಟ್ನಿಯನ್ನು ಹೊಗಳುತ್ತಿದ್ದಳು.

ಅವರೆಲ್ಲ ಫೋನಿನಲ್ಲಿ ಒಂದು ಗ್ರೂಪ್ ಮಾಡಿಕೊಂಡಿದ್ದರು. ಕಾಡಿ ಬೇಡಿ ನಾನೂ ಸೇರಿದೆ. ಬೀಗತಿಗೆ ಟೈಪ್ ಬರುವುದಿಲ್ಲ, ಮಾತಾಡಿ ಕಳಿಸುತ್ತಾರೆ. ಅದಕ್ಕೇ ನಾನು ಟೈಪ್ ಕಲಿತೆ. 'ಇವತ್ತು ಹರಿಹರದಾಗ ಏನ್ ಉಂಡ್ರಿ' ಎಂಬುದು ನನ್ನ ಮೊದಲ ಮೆಸೇಜು. ಯಾರೂ ಉತ್ತರ ಕೊಡಲಿಲ್ಲ. ಅದರ ಕೆಳಗೇ ಬೀಗತಿ ಏನೋ ಕೆಮ್ಮಿ ಕಳಿಸಿದರು, ಹುಡುಗಿಯರು ಸಾಲು ಸಾಲು ಕೆಂಪು ಹೃದಯ ಒತ್ತಿದರು.

ಒಂದು ದಿನ ಮೊಮ್ಮಗಳು ಹೇಳಿದಳು, ಸಂಸ್ಥೆಯ ಮೇಡಂ ಸಂಘದ ಅಧ್ಯಕ್ಷರನ್ನು ವಿಡಿಯೊದಲ್ಲಿ ಮಾತಾಡಿಸುತ್ತಾರೆ, ಅವರಿಗೆ ನಂಬಿಕೆ ಬಂದರೆ ಮಾತ್ರ ಹಣ ಎಂದು. ಯಾರೂ ಕರೆಯದಿದ್ದರೂ ಇಳಕಲ್ ಸೀರೆ ಉಟ್ಟು ನಾನೂ ಹೊರಟೆ. ಹರಿಹರದಲ್ಲಿ ಬೀಗತಿ ಬಾಗಿಲಿಗೇ ನೀರು ತಂದು ಕೊಟ್ಟರು. ಮಗನ ಮದುವೆಯಾದಂದಿನಿಂದ ನಾವು ಗಂಡಿನ ಕಡೆಯವರು. ಮೊದಲ ಎಲೆ ನಮಗೆ, ಮೊದಲ ಕುಂಕುಮ ನಮಗೆ. ನಾನು ಉಂಡು ಕೈ ತೊಳೆಯದೆ ಆಕೆ ತುತ್ತು ಎತ್ತಿದ್ದನ್ನು ಕಂಡಿಲ್ಲ. ಆ ಮರ್ಯಾದೆಯನ್ನು ನಾನು ಚೆನ್ನಾಗಿಯೇ ಅನುಭವಿಸಿದ್ದೇನೆ. ಅಂದೂ ಫೋನಿನ ಎದುರು ನಡುಮಧ್ಯೆ ಕೂತೆ.

ಮೇಡಂ ನಮಸ್ಕಾರ ಹೇಳಿ ನೇರವಾಗಿ ವಿಷಯಕ್ಕೆ ಬಂದರು. ಹುಡುಗಿಯರು ಓದು ಮುಗಿಸಿ ಎತ್ತಲೋ ಹೋದರೆ ಆ ಸೂರುಗಳನ್ನು ಆಮೇಲೆ ನೋಡಿಕೊಳ್ಳುವವರು ಯಾರು, ಹಣಕ್ಕೆ ಯಾರು ಜವಾಬ್ದಾರಿ ಎಂದು ಕೇಳಿದರು. ಬೀಗತಿ ಬಾಯಿ ತೆರೆದರು, ನನ್ನನ್ನು ನೋಡಿದರು, ಸೆರಗು ಹೊದ್ದು ಹಿಂದೆ ಸರಿದರು.

"ನಮ್ ಬೀಗ್ರು ಅದಾರೆ ಮೇಡಂ. ಗಂಡಿನ ಕಡೆಯೋರು, ಮೊದ್ಲು ಅವ್ರು ಮಾತಾಡ್ಲಿ."

ಮೊಮ್ಮಗಳ ಮುಖ ಬಿಳಿಚಿಕೊಂಡಿತು. ಜೊತೆಗೆ ಬಂದಿದ್ದ ಅವಳ ಗೆಳತಿ ದುಪಟ್ಟಾದ ತುದಿ ಕಚ್ಚಿ ನಿಂತಳು. ನನ್ನ ಬಾಯಿ ಸುಮ್ಮನಿರುವಂಥದ್ದಲ್ಲ. ಆದರೆ ಏನು ಹೇಳಲಿ? ಎಷ್ಟು ಮನೆ, ಯಾವ ಬಣ್ಣ, ಯಾರು ಹತ್ತಿ ಬಳಿಯುತ್ತಾರೆ, ಒಂದೂ ತಿಳಿಯದು. ಅಷ್ಟು ದಿನ ನಾನು ಮೊಮ್ಮಗಳನ್ನು ಕೇಳಿದ್ದು ಅಲ್ಲೇನು ಉಂಡೆ ಎಂಬುದೊಂದೇ. ಬೀಗತಿ ಅವಳ ಕೆಲಸವನ್ನು ಕೇಳಿದ್ದರು. ಭಾನುವಾರದ ಬಸ್ಸು ಯಾಕೆ ಆ ಕಡೆಗೇ ಹೋಗುತ್ತಿತ್ತೆಂದು ಆಗ ತಿಳಿಯಿತು. ತಿಳಿದು ಹೊಟ್ಟೆ ಇನ್ನಷ್ಟು ಉರಿಯಿತು.

"ನನಗೇನೂ ಗೊತ್ತಿಲ್ಲಮ್ಮ," ಎಂದೆ ಮೇಡಂಗೆ. "ನಾನು ಹೊಟ್ಟೆಕಿಚ್ಚಿಗೆ ಬಂದು ಕುಂತೀನಿ. ಗೊತ್ತಿರೋದು ಇವ್ರಿಗೆ."

ಮೇಡಂ ನಕ್ಕರು. ಬೀಗತಿ ಇನ್ನೂ ಒಂದು ಹೆಜ್ಜೆ ಹಿಂದೆ ಸರಿದರು. ನಾನೇ ಎದ್ದು ಆಕೆಯ ಭುಜ ಹಿಡಿದು ನಡುವೆ ಕೂರಿಸಿದೆ.

"ಇವತ್ತೊಂದಿನ ನಾವೇ ಹೆಣ್ಣಿನ ಕಡೆಯೋರು ಅನ್ಕಳ್ರಿ ಬೀಗ್ರೆ. ಮಾತಾಡ್ರಿ."

ಆಕೆ ಮಾತಾಡಿದರು. ಬಣ್ಣ ಮಾಸಿದರೆ ಮತ್ತೆ ಬಳಿಯಲು ಆ ಬೀದಿಯ ಹೆಂಗಸರನ್ನೇ ಸಂಘಕ್ಕೆ ಸೇರಿಸಿಕೊಳ್ಳುತ್ತೇವೆ, ಹಪ್ಪಳದ ಲೆಕ್ಕ ಬರೆದ ಕೈಯೇ ಇದನ್ನೂ ಬರೆಯುತ್ತದೆ ಎಂದರು. ಮೇಡಂ ಅರ್ಧಕ್ಕೇ ತಲೆಯಾಡಿಸತೊಡಗಿದರು. ಇಷ್ಟು ಚೆನ್ನಾಗಿ ಮಾತಾಡಬಾರದಿತ್ತು ಅನ್ನಿಸಿತು ನನಗೆ.

ಶಿವರಾತ್ರಿಯ ಹೊತ್ತಿಗೆ ಹಣ ಬಂತು. ಬಳಿಯುವ ದಿನದ ಫೋಟೋದಲ್ಲಿ ಮೊಮ್ಮಗಳು ಬೀಗತಿಯ ಹೆಗಲಿಗೆ ಕೈ ಹಾಕಿ ನಿಂತಿದ್ದಾಳೆ, ನಾನು ಬಣ್ಣದ ಡಬ್ಬಿಯ ಹಿಂದೆ ಅರ್ಧ ಕಾಣುತ್ತೇನೆ. ಅಂದು ಆ ಬೀದಿಯಲ್ಲಿ ಊಟಕ್ಕೆ ಕೂತಾಗ ಬೀಗತಿ ಮೊದಲ ತಟ್ಟೆಯನ್ನು ನನ್ನ ಮುಂದೆಯೇ ಇಟ್ಟರು. ತಗೊಂಡೆ, ಬಿಡುತ್ತೇನೆಯೇ.

ಈಗ ಮೊಮ್ಮಗಳು ರೊಟ್ಟಿಗೆ ಕೂತಾಗ ಯಾವ ಮನೆಯ ಸೂರು ಹೇಗಿದೆ ಎಂದು ಕೇಳುತ್ತೇನೆ. ರೊಟ್ಟಿ ತಣ್ಣಗಾಗುವವರೆಗೂ ಹೇಳುತ್ತಾಳೆ. ಮೊನ್ನೆ, ಗೆಳತಿಯ ದಾದಿ ನಡು ಮಧ್ಯಾಹ್ನ ಮನೆಯೊಳಗೇ ನಿದ್ದೆ ಮಾಡಿದರು, ಬೇವಿನ ಮರದಡಿಯ ಮಂಚವನ್ನು ಒಳಗೆ ಎತ್ತಿಟ್ಟರು ಎಂದಳು. ಅವಳು ಕೈ ತೊಳೆದು ಬರುವುದರೊಳಗೆ ಅದನ್ನು ಗ್ರೂಪಿಗೆ ಹಾಕಿದೆ. ಹರಿಹರಕ್ಕೆ ಆ ಸುದ್ದಿ ಮುಟ್ಟಿದ್ದು ನನ್ನಿಂದ.