ಕಾಯಲು ಬಾರದ ಆಟ

ಅನ್ವಿಯ ಬೆರಳು ಪರದೆಯ ಮೇಲಿನ ಮಾವಿನಹಣ್ಣನ್ನು ಇನ್ನೇನು ಮುಟ್ಟಬೇಕು, ಅಷ್ಟರಲ್ಲಿ ನನ್ನ ಆಟ ತಾನೇ ಉತ್ತರ ಹೇಳಿಬಿಟ್ಟಿತು. ಅವಳು ಕೊಡದ ಉತ್ತರಕ್ಕೆ ಚಪ್ಪಾಳೆಯೂ ಬಿತ್ತು. ಮತ್ತೆ ಮತ್ತೆ ಹಾಗೇ ಆದಾಗ ಅವಳು ಟ್ಯಾಬನ್ನು ನನ್ನತ್ತ ತಳ್ಳಿದಳು.

ಮುಂಬೈ ಹತ್ತಿರದ ಠಾಕುರ್ಲಿಯ ನಮ್ಮ ಬಿಲ್ಡಿಂಗಿನಲ್ಲೇ ಇರುವ ಉಡುಪಿಯವರ ಮಗಳು ಅವಳು. ಕೈಗಳು ಅವಳ ಮಾತನ್ನು ಬೇಗ ಕೇಳುವುದಿಲ್ಲ. ನಾನು ಮಹಾಪೆಯ ಕಂಪನಿಯೊಂದರಲ್ಲಿ ಮಕ್ಕಳ ಕಲಿಕೆಗೆ ವಿಡಿಯೋ ಗೇಮ್ ಮಾಡುವವಳು. ಇಂಥ ಮಕ್ಕಳಿಗೆಂದೇ ದೊಡ್ಡ ಚಿತ್ರ, ಓದಿ ಹೇಳುವ ದನಿ, ತಡವಾದರೆ ತಾನೇ ಉತ್ತರ ತೋರಿಸುವ ಸಹಾಯ, ಎಲ್ಲ ಸೇರಿಸಿದ್ದೆವು. ಠಾಣೆ ಸ್ಟೇಷನ್ನಿನಲ್ಲಿ ಲೋಕಲ್ ರೈಲು ಬದಲಿಸಿ, ನುಗ್ಗಾಗಿ ಮನೆ ಸೇರಿದ್ದ ನನಗೆ ಆ ಸಂಜೆ ಸ್ವಲ್ಪ ಮೆಚ್ಚುಗೆ ಬೇಕಿತ್ತು.

"ನಂಗೆ ಉತ್ತರ ಗೊತ್ತುಂಟು ಆಂಟಿ," ಎಂದಳು ಅನ್ವಿ. "ಇದಕ್ಕೆ ಕಾಯ್ಲಿಕ್ಕೇ ಬರುದಿಲ್ಲ."

ಮರುದಿನ ಆ ಸಹಾಯವನ್ನು ತೆಗೆಯಲು ಕೂತೆ. ಮಗು ಏನೂ ಮುಟ್ಟದೆ ಸುಮ್ಮನೆ ಕೂತರೇನು ಗತಿ ಎಂದು ಮ್ಯಾನೇಜರ್ ಕೇಳಿದರು. ಕೂತಿರಲಿ ಬಿಡಿ ಎಂದೆ. ವಾದಿಸುವ ತ್ರಾಣ ನನ್ನಲ್ಲಿರಲಿಲ್ಲ; ತೆಗೆದೇಬಿಟ್ಟೆ. ಈಗ ಚಪ್ಪಾಳೆ ಬೀಳುವುದು ಅವಳ ಬೆರಳು ತಲುಪಿದ ಮೇಲೆಯೇ.