ಎಲ್ಲರೂ ಕೈ ಕೊಟ್ಟ ಅಂಗಳ

ಬೆಳಕು ಇನ್ನೂ ಹರಿದಿಲ್ಲ. ಈರುಳ್ಳಿ ಮಂಡಿಯ ಅಂಗಳಕ್ಕೆ ಲಾರಿಯೊಂದು ಹಿಮ್ಮುಖವಾಗಿ ಬಂದು ನಿಲ್ಲುತ್ತದೆ. ಹಿಂಬದಿಯ ಹಲಗೆ ಇಳಿಸಿದ್ದೇ ತಡ, ಒಣ ಸಿಪ್ಪೆಗಳು ಗಾಳಿಗೆದ್ದು ದೀಪದ ಸುತ್ತ ತೇಲಾಡುತ್ತವೆ. ಹಮಾಲರಲ್ಲಿ ಹಿರಿಯರೊಬ್ಬರು ತಲೆಗೆ ಸಿಂಬಿ ಸುತ್ತಿಕೊಂಡು, ಒಂದು ಗಳಿಗೆ ಕಣ್ಣು ಮುಚ್ಚಿ ದೇವರನ್ನು ನೆನೆದು, ಬಾಗುತ್ತಾರೆ. ಇಬ್ಬರು ಮೂಟೆ ಎತ್ತಿ ಅವರ ತಲೆಗಿಡುತ್ತಾರೆ. ಅವರು ನೆಟ್ಟಗಾಗುತ್ತಿದ್ದಂತೆ ಹೊಟ್ಟೆಯಾಳದಿಂದ ಒಂದು ಕೂಗು ಹೊರಡುತ್ತದೆ.

"ದಾರೀ... ದಾರಿ."

ಎದುರಿಗಿದ್ದವರು ತಿರುಗಿಯೂ ನೋಡದೆ ಪಕ್ಕಕ್ಕೆ ಸರಿಯುತ್ತಾರೆ. ಅಂಗಳದ ನಡುವೆ ಬೈತಲೆ ತೆಗೆದಂತೆ ಒಂದು ಹಾದಿ ಮೂಡುತ್ತದೆ.

ಈ ಕೂಗೇ ಅವರಿಗೆ ಹೆಸರನ್ನೂ ಕೊಟ್ಟಿದೆ. ಮಂಡಿಗೆಲ್ಲ ಅವರು ಹಿರಿಯಣ್ಣ, ಸುತ್ತಲಿನ ಓಣಿಗಳ ಮಕ್ಕಳಿಗೆ ಮಾತ್ರ ದಾರಿಮಾಮ. ಮೂವತ್ತು ವರ್ಷಗಳಿಂದ ಇದೇ ನೆಲದ ಮೇಲೆ ಮೂಟೆ ಹೊತ್ತು ಓಡಾಡುತ್ತಿದ್ದಾರೆ. ದಿನಕ್ಕೆ ನೂರಕ್ಕೆ ಕಡಿಮೆಯಿಲ್ಲ. "ಮಂಡಿಗೆ ಬಂದು ಮಂಡಿ ಕಳ್ಕೊಂಡೆ" ಎಂದು ಮೊಣಕಾಲು ನೀವಿಕೊಂಡು ನಗುತ್ತಾರೆ. ಬೆಳಗಿನ ಕೆಲಸ ಹೊಟ್ಟೆಪಾಡಿನದು. ಅವರ ಮನಸ್ಸೆಲ್ಲ ಇರುವುದು ಸಂಜೆಯ ಕೆಲಸದಲ್ಲಿ. ನಾಲ್ಕು ಗಂಟೆಗೆ ಇದೇ ಅಂಗಳ ಮಕ್ಕಳ ಪಾಲಾಗುತ್ತದೆ.

ಅದಕ್ಕೊಂದು ಹಿಂದಿನ ಕಥೆಯಿದೆ. ಮಂಡಿಯ ಸುತ್ತ ಇರುವುದೆಲ್ಲ ಇಕ್ಕಟ್ಟಿನ ಓಣಿಗಳು. ಒಂದು ಮನೆಯ ಬಾಗಿಲು ತೆರೆದರೆ ಎದುರು ಮನೆಯ ಬಾಗಿಲಿಗೆ ತಾಗುತ್ತದೆ. ಮಕ್ಕಳು ಆಡುತ್ತಿದ್ದದ್ದು ಗೇಟಿನ ಪಕ್ಕದ ರಸ್ತೆಯಲ್ಲಿ. ಎರಡು ವರ್ಷದ ಹಿಂದೆ ಒಂದು ದಿನ ಚೆಂಡು ಉರುಳಿ ಒಳಗೆ ಬಂತು. ಅದರ ಹಿಂದೆ ಪುಟ್ಟ ಹುಡುಗನೊಬ್ಬ ಬಂದ. ಅವನ ಹಿಂದೆಯೇ ಲಾರಿಯೊಂದು ಹಿಂದೆ ಸರಿಯುತ್ತಿತ್ತು. ತಲೆಯ ಮೇಲೆ ಮೂಟೆ ಇದ್ದ ದಾರಿಮಾಮ "ದಾರಿ" ಎಂದು ಕೂಗಿದರು. ಹಮಾಲರೆಲ್ಲ ಸರಿದರು, ಹುಡುಗ ಮಾತ್ರ ನಿಂತಲ್ಲೇ ನಿಂತು ಅವರ ಮುಖ ನೋಡಿದ. ಅವರು ಮೂಟೆಯನ್ನೇ ಚಕ್ರದ ಹಿಂದಕ್ಕೆ ಎಸೆದರು. ಲಾರಿ ಅದಕ್ಕೆ ತಾಗಿ ನಿಂತಿತು. ಗೋಣಿ ಒಡೆದು ಈರುಳ್ಳಿ ಅಂಗಳದ ತುಂಬ ಉರುಳಿತು. ಹುಡುಗ ಇದೂ ಒಂದು ಆಟವೆಂದುಕೊಂಡು ಆರಿಸತೊಡಗಿದ.

ಮರುದಿನವೇ ಮಂಡಿ ಸಂಘದ ಅಧ್ಯಕ್ಷರು ಬೆಳಗಿನ ವ್ಯಾಪಾರ ಮುಗಿದೊಡನೆ ಗೇಟಿಗೆ ಬೀಗ ಜಡಿಸಿದರು. ಮಧ್ಯಾಹ್ನದ ಮೇಲೆ ಖಾಲಿ ಬಿದ್ದಿರುವ ಜಾಗವನ್ನು ಕಾರು ನಿಲ್ಲಿಸಲು ಬಿಟ್ಟುಕೊಡುವ ಮಾತೂ ಬಂತು. ಮಕ್ಕಳ ಆಟ ರಸ್ತೆಯಲ್ಲೇ ಉಳಿಯಿತು.

"ಆ ಮಗು ಯಾಕೆ ಸರೀಲಿಲ್ಲ ಅಂತ ಯೋಚ್ನೆ ಮಾಡ್ದೆ. ಅದಕ್ಕೆ ನಮ್ಮ ಮಾತು ಗೊತ್ತಿರ್ಲಿಲ್ಲ, ಅಷ್ಟೇ. ಕಲಿಸಿದ್ರೆ ಕಲಿಯುತ್ತೆ. ದೇವರು ಮಕ್ಕಳಿಗೆ ಕಾಲು ಕೊಟ್ಟ ಮೇಲೆ ಓಡೋಕೆ ಜಾಗಾನೂ ಇಟ್ಟೇ ಇರ್ತಾನೆ. ಬೀಗ ಹಾಕಿರೋದು ನಾವು" ಎನ್ನುತ್ತಾರೆ ದಾರಿಮಾಮ.

ಎಷ್ಟೇ ಗಟ್ಟಿಗನಾದರೂ ಹಮಾಲ ಒಬ್ಬನೇ ಮೂಟೆಯನ್ನು ತಲೆಗೇರಿಸಿಕೊಳ್ಳಲಾರ. ಇನ್ನೊಬ್ಬರು ಎತ್ತಿಸಬೇಕು. ಮಂಡಿಯ ಮಾತಿನಲ್ಲಿ ಅದು ಕೈ ಕೊಡುವುದು. ದಾರಿಮಾಮ ಆ ಮಾತನ್ನೇ ಹಿಡಿದು ಮನೆಮನೆ ಹತ್ತಿಳಿದರು. ಮೊದಲು ತಮ್ಮವರನ್ನೇ ಕೇಳಿದರು: ಮಧ್ಯಾಹ್ನ ಅಂಗಳ ಗುಡಿಸಿಡಬೇಕು, ಸಿಪ್ಪೆಯ ಮೇಲೆ ಮಕ್ಕಳು ಜಾರಬಾರದು. ಲಾರಿ ಚಾಲಕರನ್ನು ಕೇಳಿದರು: ನಾಲ್ಕರ ಮೇಲೆ ಹಿಂದಿನ ಗೇಟಿನಿಂದ ಬನ್ನಿ. ಓಣಿಯ ತಾಯಂದಿರು ಸರದಿಯಂತೆ ಇಬ್ಬಿಬ್ಬರು ಬಂದು ಕೂರಲು ಒಪ್ಪಿದರು. ಹತ್ತಿರದ ಶಾಲೆಯ ಆಟದ ಟೀಚರ್ ಹಗ್ಗ, ಚೆಂಡು ತಂದರು. ಗೋಡೆಯುದ್ದಕ್ಕೂ ನೆಲದ ಮೇಲೆ ಹಳದಿ ಗೆರೆ ಎಳೆದರು. ದಾರಿಮಾಮನ ಹೆಂಡತಿ ಹೊಲಿಗೆ ಕೆಲಸದವರು. ಹರಿದ ಗೋಣಿಗಳನ್ನು ಒಗೆದು, ಚಿಂದಿ ತುಂಬಿ, ಹಾರಿ ಬೀಳಲು ದಪ್ಪ ದಿಂಬುಗಳನ್ನು ಹೊಲಿದುಕೊಟ್ಟರು. ಬಾಯಿ ಮಾತ್ರ ಸುಮ್ಮನಿರಲಿಲ್ಲ.

"ಬೆಳಿಗ್ಗೆ ಮಂಡಿ ಮೂಟೆ ಹೊರ್ತೀರಿ. ಸಾಯಂಕಾಲ ಊರ ಮಕ್ಕಳನ್ನ ಹೊರ್ತೀರಿ. ಮನೆಗೆ ಒಂದು ಕೊಡ ನೀರು ತನ್ನಿ ಅಂದ್ರೆ ಮಾತ್ರ ಮಂಡಿ ನೋವು."

ಉಳಿದವರು ಅಧ್ಯಕ್ಷರು. ದಾರಿಮಾಮ ಅವರ ಅಂಗಡಿಯ ಮೆಟ್ಟಿಲ ಬಳಿ ನಿಂತು, "ನೀವೊಂದು ಕೈ ಕೊಟ್ಟುಬಿಡಿ ಸಾಹುಕಾರ್ರೇ" ಎಂದರು.

"ಏನಯ್ಯಾ, ಕೈ ಕೊಡು ಅಂತ ಕೇಳ್ಕೊಂಡು ಬಂದೋನನ್ನ ಇವತ್ತೇ ನೋಡಿದ್ದು" ಎಂದು ಅಧ್ಯಕ್ಷರು ನಕ್ಕರು. ಮರುಕ್ಷಣ ಮುಖ ಬಿಗಿಯಿತು. "ಒಂದು ತಿಂಗಳು ನೋಡ್ತೀನಿ. ಒಂದು ಮಗುಗೆ ತರಚಿದ ಗಾಯ ಆದ್ರೂ ಗೇಟು ಮುಚ್ಚಿತು ಅಂತ ತಿಳ್ಕೋ. ಆಮೇಲೆ ನನ್ನ ಮುಂದೆ ಬಂದು ನಿಲ್ಬೇಡ."

ಹೀಗೆ ಶುರುವಾಯಿತು ಕೂಗಿನ ಪಾಠ. "ದಾರಿ" ಎಂದರೆ ಆಟ ಎಲ್ಲಿದ್ದರೂ ಅಲ್ಲೇ ಬಿಟ್ಟು ಹಳದಿ ಗೆರೆಯ ಆಚೆ, ಗೋಡೆಗೆ ಬೆನ್ನು. ಚೆಂಡು ಬಿದ್ದಲ್ಲೇ ಇರಲಿ. ದಿನಕ್ಕೊಬ್ಬರಂತೆ ಗೇಟಿನ ಬಳಿ ಕೂಗುವ ಸರದಿ. ಮೊದಲ ವಾರ ಮಕ್ಕಳು ಸುಮ್ಮಸುಮ್ಮನೆ ಕೂಗಿ ಟೀಚರ್ ತಲೆ ಚಿಟ್ಟುಹಿಡಿಸಿದರು. ದಾರಿಮಾಮ ಮಂಡಿಯ ನಿಯಮವನ್ನೇ ಜಾರಿಗೆ ತಂದರು. ಸುಳ್ಳು ಕೂಗಿದ ಹಮಾಲನಿಗೆ ಆ ದಿನ ಯಾರೂ ಕೈ ಕೊಡುವುದಿಲ್ಲ. ಸುಳ್ಳು ಕೂಗಿದ ಮಗುವಿಗೆ ಆ ಸಂಜೆ ತಕ್ಕಡಿಯ ಮೇಲೆ ಕೂತಿರುವ ಕೆಲಸ. ಮಕ್ಕಳ ಬಾಯಿ ತಾನಾಗಿ ಹದಕ್ಕೆ ಬಂತು.

ಕೂಗಲಾಗದೆ ಉಳಿದ ಹುಡುಗಿ ಒಬ್ಬಳೇ. ಅವಳು ಬಾಯಿ ತೆರೆದರೆ ಪಕ್ಕದಲ್ಲಿದ್ದವರಿಗೂ ಕೇಳುತ್ತಿರಲಿಲ್ಲ. ಮಕ್ಕಳು ಅವಳಿಗೆ ಪಿಸುಮಾತು ಎಂದೇ ಹೆಸರಿಟ್ಟಿದ್ದರು. "ಮಾಮ, ಅವಳ ಸರದಿ ತೆಗೆದುಬಿಡು, ಎಲ್ಲರೂ ಸತ್ತೇಹೋಗ್ತೀವಿ" ಎಂದು ದೊಡ್ಡ ಹುಡುಗರು ರೇಗಿಸುತ್ತಿದ್ದರು. ಮಾಮ ಒಪ್ಪಲಿಲ್ಲ. ಅವಳ ಎರಡೂ ಕೈಗಳನ್ನು ಅವಳ ತಲೆಯ ಮೇಲಿರಿಸಿ, "ಅದುಮಿ ಹಿಡ್ಕೋ. ಮೂಟೆ ಇದೆ ಅನ್ಕೋ. ಭಾರ ಇದ್ದಾಗ ಗಂಟಲಿಂದ ಕೂಗೋಕಾಗಲ್ಲ ಕಂದ, ಹೊಟ್ಟೆಯಿಂದಾನೇ ಬರ್ಬೇಕು" ಎಂದು ಹೇಳಿಕೊಟ್ಟರು. ಅವಳು ತಲೆ ಅದುಮಿಕೊಂಡು ಬಾಯಿ ತೆರೆದಳು. ಗಾಳಿ ಮಾತ್ರ ಬಂತು.

ತಿಂಗಳ ಕೊನೆಯ ಸಂಜೆ ಅಧ್ಯಕ್ಷರು ತಾವೇ ನೋಡಲು ಬಂದರು. ಅಂಗಳದ ನಡುವೆ ಕೈಕಟ್ಟಿ ನಿಂತರು. ಮಕ್ಕಳು ಹಗ್ಗ ಜಿಗಿಯುತ್ತಿದ್ದರು, ದಿಂಬುಗಳ ಮೇಲೆ ಹಾರುತ್ತಿದ್ದರು. ಗೇಟಿನ ಬಳಿ ಆ ದಿನದ ಸರದಿ ಪಿಸುಮಾತಿನದು. ತಾಯಂದಿರು ಒಬ್ಬರನ್ನೊಬ್ಬರು ನೋಡಿಕೊಂಡರು. ದಾರಿಮಾಮ ಮನಸ್ಸಿನಲ್ಲೇ ದೇವರಿಗೆ ಕೈಮುಗಿದರು, ಅವಳನ್ನು ಬದಲಾಯಿಸಲಿಲ್ಲ.

ಅಷ್ಟರಲ್ಲಿ ತಡವಾದ ಲಾರಿಯೊಂದು ಮುಂದಿನ ಗೇಟಿನತ್ತಲೇ ತಿರುಗಿತು. ಚಾಲಕ ಹೊಸಬ, ಒಪ್ಪಂದದ ಗಂಧಗಾಳಿ ಇಲ್ಲ. ದಾರಿಮಾಮ ಇದ್ದದ್ದು ಅಂಗಳದ ಆ ತುದಿಯಲ್ಲಿ, ಲಾರಿಗೆ ಬೆನ್ನು ಮಾಡಿ, ದಿಂಬಿನ ಮೇಲೆ ಬಿದ್ದ ಮಗುವೊಂದನ್ನು ಎತ್ತುತ್ತಿದ್ದರು.

ಪಿಸುಮಾತು ಎರಡೂ ಕೈ ತಲೆಯ ಮೇಲೆ ಅದುಮಿಕೊಂಡಳು.

"ದಾರೀ... ದಾರಿ."

ತಗಡಿನ ಚಾವಣಿ ಅದನ್ನು ಎತ್ತಿಕೊಂಡು ಇನ್ನೊಮ್ಮೆ ಹೇಳಿತು. ಹಗ್ಗಗಳು ಕೈಯಿಂದ ಬಿದ್ದವು. ಒಂದೇ ಉಸಿರಿಗೆ ಮಕ್ಕಳೆಲ್ಲ ಗೋಡೆಗೆ ಅಂಟಿ ನಿಂತರು. ಚೆಂಡು ಅಂಗಳದ ನಡುವೆ ಅನಾಥವಾಗಿ ಉಳಿಯಿತು. ಅದರತ್ತ ಒಂದು ಕೈಯೂ ಚಾಚಲಿಲ್ಲ. ಲಾರಿ ಅದರ ಮೇಲೆಯೇ ಹಾದು ಆಚೆ ಹೋಯಿತು. ಚಕ್ರಗಳ ನಡುವಿನಿಂದ ಚೆಂಡು ಇದ್ದ ಹಾಗೆಯೇ ಹೊರಬಂತು.

ಅಧ್ಯಕ್ಷರೆಲ್ಲಿ? ಅವರೂ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದರು, ಇಬ್ಬರು ಪುಟಾಣಿಗಳ ನಡುವೆ. ಮಂಡಿಯಲ್ಲೇ ಹುಟ್ಟಿ ಬೆಳೆದ ಕಾಲು, ಕೂಗು ಕೇಳಿದ ತಕ್ಷಣ ತಾನೇ ಸರಿದಿತ್ತು. ಎಡಕ್ಕಿದ್ದ ಪುಟಾಣಿ ಕೆಳಗೆ ನೋಡಿ ಗದರಿತು: "ಅಂಕಲ್, ನಿಮ್ಮ ಕಾಲು ಗೆರೆ ಮೇಲಿದೆ."

ಅಧ್ಯಕ್ಷರು ಕಾಲು ಒಳಗೆಳೆದುಕೊಂಡರು.

ಲಾರಿ ನಿಂತ ಮೇಲೆ ಅವರು ದಾರಿಮಾಮನ ಬಳಿ ಬಂದು, ಜೇಬಿನಿಂದ ಗೇಟಿನ ಬೀಗದ ಕೈ ತೆಗೆದು ಅವರ ಅಂಗೈಯಲ್ಲಿಟ್ಟರು. "ಇದು ನಿನ್ನ ಹತ್ರಾನೇ ಇರ್ಲಿ. ಕಾರುಗಳು ಬೇರೆ ಜಾಗ ನೋಡ್ಕೊಳ್ಳಲಿ" ಎಂದರು. ಎರಡು ಹೆಜ್ಜೆ ಹೋದವರು ತಿರುಗಿದರು. "ನಾನೂ ಕೈ ಕೊಟ್ಟೆ ಅಂತ ಬರ್ಕೋ."

ಈಗ ಆ ಬೀಗದ ಕೈ ದಾರಿಮಾಮನ ಕೊರಳ ದಾರದಲ್ಲಿದೆ. ಸಂಜೆಗೆ ಅರವತ್ತು, ಎಪ್ಪತ್ತು ಮಕ್ಕಳು ಬರುತ್ತಾರೆ. ಪಕ್ಕದ ತರಕಾರಿ ಮಂಡಿಯವರೂ ಬಂದು ನೋಡಿ, ತಮ್ಮ ಅಂಗಳಕ್ಕೆ ಹಳದಿ ಬಣ್ಣ ತಂದಿದ್ದಾರೆ. ಕೂಗು ಕಲಿಸಲು ಅಲ್ಲಿಗೆ ಹೋಗುವವಳು ಪಿಸುಮಾತು. ಹೆಸರು ಮಾತ್ರ ಬದಲಾಗಿಲ್ಲ. ಅವಳಿಗೆ ಈಗ ಅದೇ ಇಷ್ಟವಂತೆ. ಮಕ್ಕಳ ತಲೆಗೂದಲೆಲ್ಲ ಈರುಳ್ಳಿ ವಾಸನೆ ಎಂದು ತಾಯಂದಿರು ಮೂಗು ಮುರಿಯುತ್ತಾರೆ, ಮರುದಿನ ತಾವೇ ಕೈಹಿಡಿದು ಕರೆತರುತ್ತಾರೆ.

ನಿಮ್ಮ ಆಸೆಯೇನು ಎಂದರೆ ದಾರಿಮಾಮ ಅಂಗಳವನ್ನೇ ನೋಡುತ್ತಾರೆ. "ಇನ್ನೊಂದೆರಡು ವರ್ಷಕ್ಕೆ ಮೂಟೆ ಹೊರೋಕಾಗಲ್ಲ. ಆವಾಗ ಗೇಟಿನ ಹತ್ರ ಒಂದು ಸ್ಟೂಲ್ ಹಾಕಿ ಕೂರಿಸಿದ್ರೆ ಸಾಕು. ಇಷ್ಟು ವರ್ಷ ಯಾರ್ಯಾರದೋ ಮೂಟೆ ಹೊತ್ತೆ. ಇದೊಂದು ನನ್ನದು. ಒಬ್ಬನೇ ಎತ್ತಿದ್ದಲ್ಲ. ಕೇಳಿದೋರಿಗೆ ಹೇಳಿ, ಎಲ್ಲರೂ ಸೇರಿ ನನಗೆ ಕೈ ಕೊಟ್ರು ಅಂತ."

ಬೆನ್ನ ಹಿಂದೆ, ಮಕ್ಕಳಿಗೆ ಕುಡಿಯುವ ನೀರು ತಂದ ಹೆಂಡತಿ ತುಂಬಿದ ಕೊಡವನ್ನು ಗೇಟಿನ ಬಳಿ ಇಳಿಸಿ, ಸೊಂಟಕ್ಕೆ ಕೈಯಿಟ್ಟು ನಿಂತಿದ್ದಾರೆ. "ಭಾಷಣ ಮುಗೀತಾ? ಹಾಗಾದ್ರೆ ನನಗೂ ಸ್ವಲ್ಪ ಕೈ ಕೊಡಿ."

ಮಂಡಿ ಲಟಕ್ಕೆನ್ನುತ್ತದೆ. ದಾರಿಮಾಮ ಎದ್ದು ಹೋಗಿ ಕೊಡ ಎತ್ತಿಸುತ್ತಾರೆ. ಆಕೆ ಅದನ್ನು ತಲೆಗೇರಿಸಿಕೊಂಡು, ಆಡುತ್ತಿರುವ ಮಕ್ಕಳ ಕಡೆ ತಿರುಗಿ, ಹೊಟ್ಟೆಯಿಂದ ಒಮ್ಮೆ ಕೂಗುತ್ತಾರೆ:

"ದಾರೀ... ದಾರಿ."