ಏಳಿ ಎಂದಾಗ ಎದ್ದವರು

ಶಾಂತಿಗ್ರಾಮದ ರಂಗಸ್ವಾಮಿ ಮೂವತ್ತು ವರ್ಷ ಬಸ್ ಕಂಡಕ್ಟರಾಗಿದ್ದರು. ಅವರು ಏಳಿ ಎಂದರೆ ಜನ ಮರುಮಾತಿಲ್ಲದೆ ಸೀಟು ಬಿಡುತ್ತಿದ್ದರು.

ದೆಹಲಿಯ ಮಗಳ ಮನೆಯಲ್ಲಿ ಹೆಂಡತಿ ಬೆಟ್ಟಮ್ಮ ಜಾರಿಬಿದ್ದು, ಬೆನ್ನುಮೂಳೆಗೆ ಆಪರೇಷನ್ ಮಾಡಿಸಬೇಕಾಯಿತು. ಊರಿಗೆ ಮರಳುವಾಗ ನೆಟ್ಟಗೆ ಕೂರಬಾರದೆಂದು ಡಾಕ್ಟರು ಬರೆದುಕೊಟ್ಟರು. ಅದಕ್ಕೇ ವಿಮಾನದ ಮುಂಭಾಗದಲ್ಲಿ ಒರಗುವ ದುಬಾರಿ ಸೀಟುಗಳನ್ನು ಕೊಂಡರು.

ಹತ್ತಿ ಕುಳಿತ ಮೇಲೆ ಸಿಬ್ಬಂದಿಯೊಬ್ಬಳು ಬಂದು, ಈ ಸೀಟುಗಳು ಬೇರೆಯವರಿಗೆ ಬೇಕಾಗಿವೆ, ಹಿಂದಕ್ಕೆ ಹೋಗಿ ಎಂದಳು. ರಂಗಸ್ವಾಮಿ ತಕ್ಷಣ ಎದ್ದು ಹೆಂಡತಿಯನ್ನೂ ಎಬ್ಬಿಸಿದರು. ಹಿಂದಿನ ಇಕ್ಕಟ್ಟಿನ ಸೀಟಿನಲ್ಲಿ ಬೆಟ್ಟಮ್ಮ ದಾರಿಯುದ್ದಕ್ಕೂ ನೆಟ್ಟಗೆ ಕೂರಬೇಕಾಯಿತು. ಬೆಂಗಳೂರಿನಲ್ಲಿ ಇಳಿಯುವಾಗ ಬೆಟ್ಟಮ್ಮನವರ ಕಾಲುಗಳಲ್ಲಿ ಸ್ವಾಧೀನವಿರಲಿಲ್ಲ. ಮತ್ತೆ ಬರಲೂ ಇಲ್ಲ.

"ಡಾಕ್ಟ್ರು ಚೀಟಿ ಜೇಬಲ್ಲೇ ಇತ್ತಲ್ಲ, ಯಾಕ್ ತೋರಿಸ್ನಿಲ್ಲ ನೀವು?" ಎಂದು ಆಕೆ ಒಮ್ಮೆ ಕೇಳಿದರು.

"ಡ್ಯೂಟಿ ಮೇಲಿದ್ದೋರು ಯೋಳುದ್ರು ಕಣೆ. ಎದ್ಬುಟ್ಟೆ."

ಎರಡು ಗಂಟೆಗೊಮ್ಮೆ ಆಕೆಯನ್ನು ಮಗ್ಗುಲು ಬದಲಿಸಿ ಮಲಗಿಸುವುದು ಈಗ ಅವರ ಕೆಲಸ.